ಮೇ 31ಕ್ಕೆ ಮಾಸ್ತರು ರಿಟೈರ್, ಜೂನ್ 1ಕ್ಕೆ ಕ್ಲಾಸಿಗೆ ಯಾರು?

ಇದು ಈ ವಾರದ ಎಪಿಸೋಡಿನ ಬರಹ ರೂಪ. ಬಸ್ಸಿನಲ್ಲಿ ಇಯರ್‌ಫೋನ್ ಮರೆತವರು, ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಗದೆ ಒದ್ದಾಡೋರು ಓದಿಕೊಳ್ಳಬಹುದು.

ಶುರು ಮಾಡೋ ಮೊದಲು ಒಂದು ಸಣ್ಣ ಕೆಲಸ. ಮನೆಯಲ್ಲಿರೋ ಹಿರಿಯರ ಆಧಾರ್ ಕಾರ್ಡ್ ತೆಗೆದು ಹುಟ್ಟಿದ ದಿನಾಂಕ ನೋಡಿ. ಒಬ್ಬರದ್ದಾದರೂ ಜೂನ್ 1 ಇರೋ ಚಾನ್ಸ್ ಜಾಸ್ತಿ. ಈ ಜೂನ್ 1ಕ್ಕೂ ನಮ್ಮ ಕಾರವಾರ, ಅಂಕೋಲಾ ಶಾಲೆಗಳಲ್ಲಿ ಮಾಸ್ತರು, ಅಕ್ಕೋರು ಇಲ್ಲದೆ ಕ್ಲಾಸ್ ಖಾಲಿ ಇರೋದಕ್ಕೂ ಸಂಬಂಧ ಇದೆ. ಇವತ್ತಿನ ವಿಷಯ ಅದೇ: ಶಿಕ್ಷಕರು ನಿವೃತ್ತರಾಗೋದು, ಹೊಸಬರು ಬರೋದು, ಮತ್ತು ಇವೆರಡರ ಮಧ್ಯದ ಗ್ಯಾಪ್.

ನಾನು ಓದಿದ್ದು ಕಾಮರ್ಸ್. ಹಾಗಾಗಿ ನನಗೆ ಇದು ಲೆಡ್ಜರ್ ಥರ ಕಾಣುತ್ತೆ. ಒಂದು ಕಡೆ ಹೊರಗೆ ಹೋಗೋರು, ಇನ್ನೊಂದು ಕಡೆ ಒಳಗೆ ಬರೋರು, ಕೆಳಗೆ ಕ್ಲೋಸಿಂಗ್ ಬ್ಯಾಲೆನ್ಸ್. ಆ ಬ್ಯಾಲೆನ್ಸ್ ಅಂದ್ರೆ ಕ್ಲಾಸಿನಲ್ಲಿ ನಿಂತಿರೋ ಮನುಷ್ಯ.

ಎಲ್ಲರಿಗೂ ಗೊತ್ತಿರೋ ದಿನಾಂಕ

ಕರ್ನಾಟಕದ ಸರ್ಕಾರಿ ಶಿಕ್ಷಕರ ನಿವೃತ್ತಿ ವಯಸ್ಸು 60. 60 ತುಂಬಿದ ತಿಂಗಳ ಕೊನೇ ದಿನ ಅವರು ಸೇವೆಯಿಂದ ಬಿಡುಗಡೆ. ಒಂದು ಸಣ್ಣ ನಿಯಮ ಇದೆ: ತಿಂಗಳ 1ನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗ್ತಾರೆ. ಅಂದ್ರೆ 1966ರ ಜೂನ್ 1ಕ್ಕೆ ಹುಟ್ಟಿದವರ ನಿವೃತ್ತಿ 2026ರ ಮೇ 31.

ಈಗ ಜೂನ್ 1ರ ಕತೆ. ಆಗೆಲ್ಲ ಎಷ್ಟೋ ಮನೆಗಳಲ್ಲಿ ಜನನ ನೋಂದಣಿ ಅಂತ ಇರಲಿಲ್ಲ. ಮಗುವನ್ನು ಶಾಲೆಗೆ ಸೇರಿಸೋಕೆ ಕರ್ಕೊಂಡು ಹೋದಾಗ ಮಾಸ್ತರು ಮುಖ ನೋಡಿ, ವಯಸ್ಸು ಅಂದಾಜು ಮಾಡಿ, ಶಾಲೆ ಶುರುವಾಗೋ ದಿನಕ್ಕೆ ಸರಿಹೊಂದೋ ಹಾಗೆ ಒಂದು ದಿನಾಂಕ ಬರೀತಿದ್ರು. ಆ ಮಕ್ಕಳಲ್ಲಿ ಕೆಲವರು ಮುಂದೆ ತಾವೇ ಮಾಸ್ತರಾದರು. ಹಳೇ ಮಾಸ್ತರು ಬರೆದ ಆ ದಿನಾಂಕವೇ ಇವತ್ತು ಇವರ ನಿವೃತ್ತಿಯ ದಿನ ತೀರ್ಮಾನ ಮಾಡ್ತಾ ಇದೆ.

ಅದಕ್ಕೇ ಮೇ 31 ಅಂದ್ರೆ ರಾಜ್ಯದಾದ್ಯಂತ ಬೀಳ್ಕೊಡುಗೆಯ ದಿನ. ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆಯೋದೂ ಮೇ ಕೊನೇ ವಾರದಲ್ಲೇ. ಪ್ರಾರಂಭೋತ್ಸವದ ತೋರಣ ಒಣಗೋ ಮೊದಲೇ ಅದೇ ಗೇಟಿನಿಂದ ಒಬ್ಬರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡ್ಕೊಂಡು ಹೊರಗೆ ಹೋಗ್ತಾರೆ.

ನಾನು ಇವತ್ತು ಹೇಳಬೇಕು ಅಂತಿರೋ ಮುಖ್ಯ ಮಾತು ಇಲ್ಲೇ ಇದೆ. ಅಪಘಾತ, ಕಾಯಿಲೆ, ರಾಜೀನಾಮೆ ಇವೆಲ್ಲ ಅನಿರೀಕ್ಷಿತ. ನಿವೃತ್ತಿ ಹಾಗಲ್ಲ. ಕೆಲಸಕ್ಕೆ ಸೇರಿದ ದಿನವೇ ಸೇವಾ ಪುಸ್ತಕದಲ್ಲಿ ಜನ್ಮ ದಿನಾಂಕ ಬರೀತಾರೆ. ಇಲಾಖೆಯ ಜ್ಯೇಷ್ಠತಾ ಪಟ್ಟಿಯಲ್ಲೂ ಅದು ಇರುತ್ತೆ. ಮೂವತ್ತು ವರ್ಷ ಮೊದಲೇ ಗೊತ್ತಿರೋ ದಿನಾಂಕ. ಫಿಕ್ಸೆಡ್ ಡೆಪಾಸಿಟ್ ಮೆಚ್ಯೂರಿಟಿ ಡೇಟ್ ಇದ್ದ ಹಾಗೆ. ಬ್ಯಾಂಕಿನವರು ಆ ದಿನ ಬಂದಾಗ "ಅಯ್ಯೋ, ದುಡ್ಡು ರೆಡಿ ಇಲ್ಲ" ಅಂದ್ರೆ ನಾವು ಸುಮ್ನಿರ್ತೀವಾ? ಶಾಲೆ ವಿಷಯದಲ್ಲಿ ಮಾತ್ರ ಸುಮ್ನಿರ್ತೀವಿ.

ತೊಂಬತ್ತರ ದಶಕದ ದೊಡ್ಡ ಬ್ಯಾಚ್

ಇನ್ನೊಂದು ಲೆಕ್ಕ ನೋಡಿ. 1994ರಿಂದ 1999ರವರೆಗೆ ರಾಜ್ಯದಲ್ಲಿ ಜನತಾದಳದ ಸರ್ಕಾರ. ಶಿಕ್ಷಣ ಸಚಿವರು ಎಚ್.ಜಿ. ಗೋವಿಂದೇಗೌಡ. ವಶೀಲಿ ಇಲ್ಲದೆ, ಲಂಚ ಇಲ್ಲದೆ, ಅಂಕಗಳ ಆಧಾರದ ಮೇಲೆ ಶಿಕ್ಷಕರನ್ನು ನೇಮಿಸಿದ್ದಕ್ಕೆ ಅವರ ಹೆಸರು ಇವತ್ತಿಗೂ ಹೇಳ್ತಾರೆ. ಆ ಅವಧಿಯಲ್ಲಿ ಸೇರಿದವರ ಸಂಖ್ಯೆ ಒಂದು ಲಕ್ಷದ ಆಸುಪಾಸು ಅಂತ ಹೇಳೋದುಂಟು.

ಆಗ ಸೇರಿದವರ ವಯಸ್ಸು 22ರಿಂದ 32 ಅಂತ ಇಟ್ಟುಕೊಳ್ಳಿ. 1996ರಲ್ಲಿ 30 ವರ್ಷದವರಾಗಿದ್ದವರಿಗೆ 2026ರಲ್ಲಿ 60. ಆಗ 25 ಆಗಿದ್ದವರಿಗೆ 2031ರಲ್ಲಿ 60. ಅಂದ್ರೆ ಆ ದೊಡ್ಡ ಅಲೆ ಈಗ ದಡಕ್ಕೆ ಬರ್ತಾ ಇದೆ. ಒಟ್ಟಿಗೆ ಸೇರಿದವರು ಹೆಚ್ಚು ಕಡಿಮೆ ಒಟ್ಟಿಗೇ ಹೋಗ್ತಾರೆ. ಇನ್ನೂ ಏಳೆಂಟು ವರ್ಷ ಪ್ರತೀ ಮೇ 31ಕ್ಕೂ ಇದರ ಪಾಲು ಇರುತ್ತೆ.

ಹೊಸ ಮಾಸ್ತರು ತಯಾರಾಗೋಕೆ ಎಷ್ಟು ದಿನ ಬೇಕು?

ಹೊರಗೆ ಹೋಗೋರ ಲೆಕ್ಕ ಆಯ್ತು. ಒಳಗೆ ಬರೋರ ಕಡೆ ನೋಡೋಣ.

1ರಿಂದ 5ನೇ ತರಗತಿಗೆ ಕಲಿಸೋಕೆ ಪಿಯುಸಿ ಆದಮೇಲೆ ಎರಡು ವರ್ಷದ ಡಿ.ಎಲ್.ಎಡ್. ಬೇಕು. ಹಳಬರು ಇದನ್ನೇ ಟಿ.ಸಿ.ಎಚ್. ಅಂತಿದ್ರು, ಆಮೇಲೆ ಡಿ.ಎಡ್. ಆಯ್ತು. 6ರಿಂದ 8ಕ್ಕೆ ಡಿಗ್ರಿ, ಅದರ ಮೇಲೆ ಬಿ.ಎಡ್. ಅಥವಾ ಡಿ.ಎಲ್.ಎಡ್. ಇವರೇ ಜಿಪಿಟಿ, ಅಂದ್ರೆ ಪದವೀಧರ ಪ್ರಾಥಮಿಕ ಶಿಕ್ಷಕರು. ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್. 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸ್.

1ರಿಂದ 8ನೇ ತರಗತಿಗೆ ಟಿಇಟಿ ಕೂಡ ಪಾಸಾಗಬೇಕು. 150 ಅಂಕದ ಪರೀಕ್ಷೆ, ಸಾಮಾನ್ಯ ವರ್ಗಕ್ಕೆ ಶೇ 60, ಅಂದ್ರೆ 90 ಅಂಕ. ಇದು ಅರ್ಹತೆ ಮಾತ್ರ, ಕೆಲಸ ಅಲ್ಲ. ಆಮೇಲೆ ಸರ್ಕಾರ ಹುದ್ದೆ ಕರೆದಾಗ ಇನ್ನೊಂದು ಸ್ಪರ್ಧಾತ್ಮಕ ಪರೀಕ್ಷೆ.

ಲೆಕ್ಕ ಹಾಕಿ. 18ಕ್ಕೆ ಪಿಯುಸಿ, 21ಕ್ಕೆ ಡಿಗ್ರಿ, 23ಕ್ಕೆ ಬಿ.ಎಡ್. ಎಲ್ಲಾ ಸರಿಯಾಗಿ ಹೋದರೆ 23-24ಕ್ಕೆ ಒಬ್ಬರು ರೆಡಿ. ಇವತ್ತು ಪಿಯುಸಿ ಮುಗಿಸಿದವರು ಕ್ಲಾಸಿಗೆ ಬರೋದು ಐದಾರು ವರ್ಷದ ನಂತರ.

ನಮ್ಮ ಕಡೆ ಓದೋಕೆ ಜಾಗ ಇಲ್ಲ ಅಂತೇನಿಲ್ಲ. ಕುಮಟಾದಲ್ಲಿ ಡಯಟ್ ಇದೆ, ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯ ಇದೆ. ಕಾರವಾರದಲ್ಲಿ ಶಿವಾಜಿ ಶಿಕ್ಷಣ ಮಹಾವಿದ್ಯಾಲಯ, ಅಂಕೋಲಾದಲ್ಲಿ ಕೆ.ಎಲ್.ಇ. ಸಂಸ್ಥೆಯ ಬಿ.ಎಡ್. ಕಾಲೇಜು. ಮನೆಯಿಂದ ಬಸ್ಸಿಗೆ ಹೋಗಿ ಬಂದು ಶಿಕ್ಷಕರಾಗಬಹುದು.

ಇಲ್ಲಿ ಒಂದು ತಿರುವು ಇದೆ. ಮೊದಲು ಬಿ.ಎಡ್. ಮಾಡಿದವರೂ 1ರಿಂದ 5ನೇ ತರಗತಿಗೆ ಅರ್ಹರು ಅಂತ 2018ರಲ್ಲಿ ಎನ್‌ಸಿಟಿಇ ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ಅದು ನಡೆಯಲ್ಲ ಅಂತು. ಚಿಕ್ಕ ಮಕ್ಕಳಿಗೆ ಕಲಿಸೋದು ಬೇರೆಯದೇ ವಿದ್ಯೆ, ಅದಕ್ಕೆ ಡಿ.ಎಲ್.ಎಡ್. ತರಬೇತಿಯೇ ಬೇಕು ಅಂತ ತೀರ್ಪು. ವಾದ ಸರಿಯೇ. ಆದರೆ ಇತ್ತ ನಮ್ಮ ರಾಜ್ಯದಲ್ಲಿ ಡಿ.ಎಡ್. ಕಾಲೇಜುಗಳು ವಿದ್ಯಾರ್ಥಿಗಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕಿವೆ. 1ರಿಂದ 5ರ ಹುದ್ದೆ ವರ್ಷಗಟ್ಟಲೆ ಕರೆಯದೆ ಇದ್ರೆ ಆ ಕೋರ್ಸಿಗೆ ಯಾರು ಸೇರ್ತಾರೆ ಹೇಳಿ?

ಕರೆದಾಗ ಒಮ್ಮೆಲೇ, ಇಲ್ಲದಿದ್ರೆ ಇಲ್ಲ

ನಿವೃತ್ತಿ ಪ್ರತಿ ತಿಂಗಳೂ ನಡೆಯುತ್ತೆ. ನೇಮಕಾತಿ ಹಾಗಲ್ಲ. ಅದು ಕೆಲವು ವರ್ಷಕ್ಕೊಮ್ಮೆ ದೊಡ್ಡ ಗಂಟಾಗಿ ಬರುತ್ತೆ. ಪ್ರತೀ ಗಂಟಿಗೂ ಹಣಕಾಸು ಇಲಾಖೆ ಒಪ್ಪಬೇಕು, ಮೀಸಲಾತಿ ಲೆಕ್ಕ ಆಗಬೇಕು, ಪರೀಕ್ಷೆ ಆಗಬೇಕು, ತಕರಾರು ಮುಗಿಯಬೇಕು.

2022ರದ್ದೇ ಉದಾಹರಣೆ ತಗೊಳ್ಳಿ. 6ರಿಂದ 8ನೇ ತರಗತಿಗೆ 15,000 ಜಿಪಿಟಿ ಹುದ್ದೆ. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ, ಉಳಿದ 10,000ದಲ್ಲಿ ನಮ್ಮ ಜಿಲ್ಲೆಯೂ ಸೇರಿ ಉಳಿದ ರಾಜ್ಯ. ಪರೀಕ್ಷೆ ಆಗಿದ್ದು 2022ರ ಮೇ ತಿಂಗಳಲ್ಲಿ. ಆಯ್ಕೆಯಾದವರು 13 ಸಾವಿರ ಚಿಲ್ಲರೆ. ಅಂದ್ರೆ ಹುದ್ದೆ ಇದ್ದೂ ಎಲ್ಲಾ ತುಂಬಲಿಲ್ಲ. ಅದಕ್ಕೂ ಹಿಂದಿನ ಸುತ್ತಿನಲ್ಲಿ 10 ಸಾವಿರಕ್ಕೂ ಹೆಚ್ಚು ಹುದ್ದೆ ಕರೆದಾಗ ಅರ್ಧದಷ್ಟೂ ತುಂಬಿರಲಿಲ್ಲ.

ಆಮೇಲೆ ಕೋರ್ಟು. ಮದುವೆಯಾದ ಮಹಿಳಾ ಅಭ್ಯರ್ಥಿಯ ಜಾತಿ, ಆದಾಯ ಪ್ರಮಾಣಪತ್ರ ತಂದೆಯದ್ದು ಇರಬೇಕಾ, ಗಂಡನದ್ದಾ ಅನ್ನೋ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ, ಎಷ್ಟೋ ಹೆಣ್ಣುಮಕ್ಕಳ ಮೀಸಲಾತಿ ಅದರ ಮೇಲೆ ನಿಂತಿತ್ತು. ಆದರೆ ಅದು ಇತ್ಯರ್ಥ ಆಗೋವರೆಗೆ ಎಲ್ಲರೂ ಕಾದರು. ಹೈಕೋರ್ಟ್ ವಿಭಾಗೀಯ ಪೀಠ ದಾರಿ ಮಾಡಿಕೊಟ್ಟಿದ್ದು 2023ರ ಅಕ್ಟೋಬರ್‌ನಲ್ಲಿ. ಪರೀಕ್ಷೆ ಬರೆದು ಒಂದೂವರೆ ವರ್ಷ ಆಗಿತ್ತು. ಆ ಮಧ್ಯೆ 2022ರ ಮೇ 31 ಬಂತು, 2023ರ ಮೇ 31 ಬಂತು. ನಿವೃತ್ತಿಗೆ ಯಾವ ಕೋರ್ಟೂ ತಡೆ ಕೊಡಲ್ಲ ನೋಡಿ.

ಮತ್ತೆ 2024ರ ಅಕ್ಟೋಬರ್ ಕೊನೆಯಿಂದ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ನೇಮಕಾತಿ ಅಧಿಸೂಚನೆಗಳೇ ಬೇಡ ಅಂತ ಸಂಪುಟ ನಿರ್ಧಾರ ಮಾಡ್ತು. ಸಚಿವ ಸಂಪುಟ ಒಳಮೀಸಲಾತಿಗೆ ಒಪ್ಪಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ನ್ಯಾಯದ ಪ್ರಶ್ನೆ, ದಶಕಗಳ ಹೋರಾಟ. ನಾನು ಅದರ ವಿರುದ್ಧ ಮಾತಾಡ್ತಿಲ್ಲ. ಕ್ಯಾಲೆಂಡರ್ ಮಾತ್ರ ತೋರಿಸ್ತಾ ಇದ್ದೀನಿ: ಆ ಹತ್ತು ತಿಂಗಳಲ್ಲಿ ಇನ್ನೊಂದು ಮೇ 31 ಕಳೆದುಹೋಯ್ತು.

ಕಾರವಾರ, ಅಂಕೋಲಾದಲ್ಲಿ ಇದು ಯಾಕೆ ಜೋರಾಗಿ ತಾಗುತ್ತೆ

ಉತ್ತರ ಕನ್ನಡ ಒಂದೇ ಜಿಲ್ಲೆ ಆದ್ರೂ ಶಿಕ್ಷಣ ಇಲಾಖೆಗೆ ಎರಡು: ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಮೊದಲನೆಯದರಲ್ಲಿ. ಕರಾವಳಿ ಪಟ್ಟಿ ಅಂತ ಮ್ಯಾಪಲ್ಲಿ ಕಾಣುತ್ತೆ. ಆದರೆ ಹೈವೇ ಬಿಟ್ಟು ಒಳಗೆ ಹೋದ್ರೆ ಗುಡ್ಡ, ಹೊಳೆ, ಕೊಪ್ಪ. ಹತ್ತು ಹದಿನೈದು ಮಕ್ಕಳ ಶಾಲೆಗಳು.

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4. ಬೆಂಗಳೂರಿನ ದೊಡ್ಡ ಶಾಲೆಯಲ್ಲಿ 12 ಶಿಕ್ಷಕರಲ್ಲಿ ಒಬ್ಬರು ಹೋದ್ರೆ ಶೇ 8 ಕಮ್ಮಿ. ಅಂಕೋಲೆಯ ಒಂದು ಕೊಪ್ಪದ ಶಾಲೆಯಲ್ಲಿ ಇಬ್ಬರಲ್ಲಿ ಒಬ್ಬರು ಹೋದ್ರೆ ಶೇ 50. ರಾಜ್ಯದ ಸರಾಸರಿ ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ಸರಾಸರಿ ಯಾವ ಶಾಲೆಗೂ ಹೋಗಿ ಕೂರಲ್ಲ.

ಉಳಿದ ಒಬ್ಬರು ಏನು ಮಾಡ್ತಾರೆ? ಒಂದು ಕಡೆ ನಲಿ-ಕಲಿ ಮಕ್ಕಳು, ಇನ್ನೊಂದು ಕಡೆ 4 ಮತ್ತು 5ನೇ ತರಗತಿ. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆ, ಎಸ್‌ಎಟಿಎಸ್ ಎಂಟ್ರಿ, ತಾಲೂಕಿನ ಮೀಟಿಂಗ್. ಅವರಿಗೆ ಜ್ವರ ಬಂದ್ರೆ ಶಾಲೆಗೇ ಜ್ವರ.

ಇನ್ನೊಂದು ಸೂಕ್ಷ್ಮ ಇದೆ. ಶಿಕ್ಷಕರು ನಿವೃತ್ತರಾದ ಕೂಡಲೇ ಆ ಹುದ್ದೆ "ಖಾಲಿ" ಅಂತ ಪಟ್ಟಿಗೆ ಬರುತ್ತೆ ಅಂತ ಹೇಳೋಕಾಗಲ್ಲ. ಮಕ್ಕಳ ಸಂಖ್ಯೆ ಇಳಿದಿದ್ರೆ ಅದು "ಹೆಚ್ಚುವರಿ" ಅಂತ ಲೆಕ್ಕ ಆಗಿ ಬೇರೆ ಶಾಲೆಗೆ ಹೋಗಬಹುದು. ಆಗ ಮಾಸ್ತರ ಜೊತೆ ಅವರ ಕುರ್ಚಿಯೂ ಹೋಯ್ತು. ಶಿಕ್ಷಕರಿಲ್ಲ ಅಂತ ಪೋಷಕರು ಮಕ್ಕಳನ್ನ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕ್ತಾರೆ, ಮಕ್ಕಳಿಲ್ಲ ಅಂತ ಹುದ್ದೆ ಹೋಗುತ್ತೆ. ಯಾವುದು ಮೊದಲು ಅಂತ ಕೇಳಿದ್ರೆ ಕೋಳಿ, ಮೊಟ್ಟೆ ಕತೆ.

ಭಾಷೆ ಮೂರನೇ ವಿಷಯ. ಕಾಳಿ ನದಿ ಆಚೆ ಸದಾಶಿವಗಡ, ಮಾಜಾಳಿ ಕಡೆ ಹೋಗಿ. ಮನೆಯಲ್ಲಿ ಕೊಂಕಣಿ. "ಉದಕ" ಅಂತ ಗೊತ್ತಿರೋ ಮಗುವಿಗೆ "ನೀರು" ಅಂತ ಓದಿಸಬೇಕು. ಮೂವತ್ತು ವರ್ಷ ಅಲ್ಲೇ ಇದ್ದ ಅಕ್ಕೋರಿಗೆ ಎರಡೂ ಬರುತ್ತೆ. ಅವರು ಹೋದಾಗ ಸರ್ಕಾರಿ ಪಟ್ಟಿಯಲ್ಲಿ ಖಾಲಿಯಾಗೋದು ಒಂದು ಹುದ್ದೆ. ಊರಿನಲ್ಲಿ ಖಾಲಿಯಾಗೋದು ಎರಡು ಭಾಷೆ ಮಧ್ಯದ ಸೇತುವೆ. ಹೊಸಬರು ರಾಜ್ಯದ ಯಾವ ಮೂಲೆಯಿಂದಲಾದ್ರೂ ಬರಬಹುದು, ಬರ್ತಾರೆ, ಒಳ್ಳೆಯವರೇ ಇರ್ತಾರೆ. ಕಡಲ ಗಾಳಿ, ಮಳೆ, ಕೊಂಕಣಿ ಎಲ್ಲಾ ಅಭ್ಯಾಸ ಆಗೋ ಹೊತ್ತಿಗೆ ಕನಿಷ್ಠ ಸೇವಾವಧಿ ಮುಗಿದಿರುತ್ತೆ, ವರ್ಗಾವಣೆ ಅರ್ಜಿ ಹಾಕ್ತಾರೆ. ವಿಜಯಪುರದಲ್ಲಿ ಅಪ್ಪ-ಅಮ್ಮ ಇರೋರು ಅಂಕೋಲೆಯಲ್ಲೇ ಇರಿ ಅಂತ ನಾವು ಹೇಳೋಕಾಗುತ್ತಾ? ಭಾಷೆ ಬಾರದ ಶಿಕ್ಷಕರು ಬಂದ್ರೆ ಏನಾಗುತ್ತೆ ಅಂತ ಕಾಸರಗೋಡಿನ ಕನ್ನಡ ಮಕ್ಕಳನ್ನು ಕೇಳಿ. ಕನ್ನಡ ಮಾಧ್ಯಮಕ್ಕೆ ಮಲಯಾಳಂ ಮಾತ್ರ ಬರೋ ಶಿಕ್ಷಕರನ್ನು ಹಾಕಿದ್ದಕ್ಕೆ ಅಲ್ಲಿ ಬೀದಿಗಿಳಿದು ಪ್ರತಿಭಟನೆ ಮಾಡಬೇಕಾಯ್ತು.

ನಾಲ್ಕನೆಯದು ಅನುದಾನಿತ ಹೈಸ್ಕೂಲುಗಳು. ನಮ್ಮ ಜಿಲ್ಲೆಯಲ್ಲಿ ಇವುಗಳ ಪಾತ್ರ ದೊಡ್ಡದು. ಅಂಕೋಲೆಯ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಶಾಲೆ ಇಲ್ಲದ ಕಡೆ ಶಾಲೆ ತೆರೆದರು. ಅವರನ್ನು ಚುಟುಕು ಕವಿ ಅಂತ ನೆನಪಿಟ್ಟುಕೊಂಡವರು ಜಾಸ್ತಿ, ಆದರೆ ಈ ಜಿಲ್ಲೆಯ ಬಡ ಮಕ್ಕಳನ್ನು ಹೈಸ್ಕೂಲಿಗೆ ಕಳಿಸಿದ್ದು ಆ ಕೆಲಸ. ಇಂಥ ಅನುದಾನಿತ ಶಾಲೆಗಳಲ್ಲಿ ಒಬ್ಬರು ನಿವೃತ್ತರಾದ್ರೆ ಆಡಳಿತ ಮಂಡಳಿ ತಾನೇ ಭರ್ತಿ ಮಾಡಿ ಸಂಬಳ ಪಡೆಯೋಕಾಗಲ್ಲ. ಸರ್ಕಾರ ಅನುಮತಿ ಕೊಡಬೇಕು. ಅದು ಬರೋವರೆಗೆ ವರ್ಷಗಟ್ಟಲೆ ಕಾಯೋದೇ.

ಮಧ್ಯದಲ್ಲಿ ನಿಂತವರು

ಹಾಗಾದ್ರೆ ಶಾಲೆ ನಡೀತಿರೋದು ಹೇಗೆ? ಅತಿಥಿ ಶಿಕ್ಷಕರಿಂದ. ಅವರು ಯಾರು? ಬಿ.ಎಡ್., ಡಿ.ಎಲ್.ಎಡ್. ಮಾಡಿ, ಟಿಇಟಿ ಬರೆದು ಕಾಯ್ತಿರೋ ನಮ್ಮ ವಯಸ್ಸಿನವರೇ. ಅಂದ್ರೆ ಲೆಡ್ಜರಿನ ಎರಡೂ ಕಡೆ ಒಟ್ಟಿಗೇ ಕಾಣುತ್ತೆ: ಶಿಕ್ಷಕರ ಕೊರತೆಯೂ ಇದೆ, ಕೆಲಸ ಇಲ್ಲದ ಶಿಕ್ಷಕರೂ ಇದ್ದಾರೆ.

ನನ್ನ ಪಿಯುಸಿ ಕ್ಲಾಸ್‌ಮೇಟ್ ಒಬ್ಬಳು ಅತಿಥಿ ಶಿಕ್ಷಕಿ. ಗಣಿತ ಕಲಿಸ್ತಾಳೆ. "ಮಕ್ಕಳಿಗೆ ನಾನು ಅಕ್ಕೋರು, ಇಲಾಖೆಗೆ ಅತಿಥಿ" ಅಂತಾಳೆ. ಗೌರವಧನ ಪ್ರಾಥಮಿಕಕ್ಕೆ 10 ಸಾವಿರ ಇತ್ತು, 2025-26ರ ಬಜೆಟ್ಟಿನಲ್ಲಿ 2 ಸಾವಿರ ಏರಿಸಿದ್ರು. ಶಾಲೆ ನಡೆಯೋ ತಿಂಗಳಿಗೆ ಮಾತ್ರ. ಬೇಸಿಗೆಯಲ್ಲಿ ಶೂನ್ಯ. ಏಳನೇ ವೇತನ ಆಯೋಗದ ನಂತರ ಅದೇ ಕ್ಲಾಸಿಗೆ ಬರೋ ಕಾಯಂ ಶಿಕ್ಷಕರ ಮೂಲ ವೇತನವೇ 40 ಸಾವಿರ ದಾಟುತ್ತೆ.

ವ್ಯತ್ಯಾಸ ತಿಂಗಳಿಗೆ ಹತ್ತಿರ ಹತ್ತಿರ 30 ಸಾವಿರ, ಒಂದು ಹುದ್ದೆಗೆ. ಬೇಕಂತಲೇ ಖಾಲಿ ಇಡ್ತಾರೆ ಅಂತ ನಾನು ಹೇಳ್ತಿಲ್ಲ. ಆದರೆ ತಡವಾದಷ್ಟು ದುಡ್ಡು ಉಳಿಯೋ ವ್ಯವಸ್ಥೆಯಲ್ಲಿ ಅವಸರ ಮಾಡೋರು ಕಮ್ಮಿ. ಇದು ಯಾವ ಕಂಪನಿಯಲ್ಲಾದ್ರೂ ನಿಜ.

ಇನ್ನೊಂದು ಮುಖವೂ ಇದೆ, ಇದನ್ನ ಯಾರೂ ಜಾಸ್ತಿ ಹೇಳಲ್ಲ. ಹೊರಗೆ ಹೋಗೋರ ಸಂಬಳದಲ್ಲಿ ಮೂವತ್ತು ವರ್ಷದ ಇನ್‌ಕ್ರಿಮೆಂಟ್ ಇರುತ್ತೆ. ಒಳಗೆ ಬರೋರದ್ದು ಆರಂಭದ ಮೂಲ ವೇತನ. ಅಂದ್ರೆ ನಿವೃತ್ತಿಯಾದ ಹುದ್ದೆಗೆ ಕಾಯಂ ಶಿಕ್ಷಕರನ್ನೇ ಹಾಕಿದ್ರೂ ಆ ಹುದ್ದೆಯ ಸಂಬಳದ ಖರ್ಚು ಇಳಿಯುತ್ತೆ. "ದುಡ್ಡಿಲ್ಲ" ಅನ್ನೋ ಉತ್ತರ ಹೊಸ ಹುದ್ದೆ ಸೃಷ್ಟಿಗೆ ಒಪ್ಪಬಹುದು, ನಿವೃತ್ತಿ ಹುದ್ದೆಗೆ ಅಷ್ಟು ಸುಲಭವಾಗಿ ಒಪ್ಪಲ್ಲ.

2027ರ ಕಡೆ ಒಂದು ಕಣ್ಣಿಡಿ

2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. 1ರಿಂದ 8ನೇ ತರಗತಿಗೆ ಕಲಿಸೋ, ಈಗಾಗಲೇ ಸೇವೆಯಲ್ಲಿರೋ ಶಿಕ್ಷಕರೂ ಟಿಇಟಿ ಪಾಸಾಗಬೇಕು. ನಿವೃತ್ತಿಗೆ ಐದು ವರ್ಷಕ್ಕಿಂತ ಕಮ್ಮಿ ಉಳಿದವರು ಪಾಸಾಗದೆಯೂ ಮುಂದುವರಿಯಬಹುದು, ಬಡ್ತಿ ಸಿಗಲ್ಲ. ಐದು ವರ್ಷಕ್ಕಿಂತ ಹೆಚ್ಚು ಇರೋರಿಗೆ ಎರಡು ವರ್ಷ ಟೈಮ್. ಆಗದಿದ್ರೆ ಕೆಲಸ ಬಿಡಬೇಕು, ಅಥವಾ ಕಡ್ಡಾಯ ನಿವೃತ್ತಿ.

ಇದನ್ನ ಮೇಲಿನ ಲೆಕ್ಕಕ್ಕೆ ಸೇರಿಸಿ. ತೊಂಬತ್ತರ ದಶಕದ ಕೊನೆಯಲ್ಲಿ ಸೇರಿದ, ಈಗ 53-54 ವರ್ಷದ ಮಾಸ್ತರು ತಾವೇ ಕಲಿಸಿದ ಹುಡುಗರ ಪಕ್ಕದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆಯಬೇಕು. ಅವರು ಸೇರಿದಾಗ ಈ ಪರೀಕ್ಷೆಯೇ ಇರಲಿಲ್ಲ. ಗುಣಮಟ್ಟ ಬೇಡ ಅನ್ನೋಕಾಗಲ್ಲ, ನಿಜ. ಆದರೆ 2027ರಲ್ಲಿ ದಿನಾಂಕ ಗೊತ್ತಿರೋ ನಿವೃತ್ತಿಗಳ ಮೇಲೆ ದಿನಾಂಕ ಗೊತ್ತಿಲ್ಲದ ಇನ್ನೊಂದಿಷ್ಟು ಸೇರಬಹುದು. ತಯಾರಿ ಈಗಲೇ ಬೇಕು.

ಹಾಗಾದ್ರೆ ಏನು ಮಾಡಬಹುದು?

ಇಂಗ್ಲೆಂಡಿನಲ್ಲಿ ಶಿಕ್ಷಣ ಇಲಾಖೆ ಪ್ರತಿ ವರ್ಷ ಎಷ್ಟು ಜನ ಸೇವೆ ಬಿಡ್ತಾರೆ ಅಂತ ಅಂದಾಜು ಮಾಡಿ, ಮುಂದಿನ ವರ್ಷ ಯಾವ ವಿಷಯಕ್ಕೆ ಎಷ್ಟು ಹೊಸಬರಿಗೆ ತರಬೇತಿ ಬೇಕು ಅಂತ ಟಾರ್ಗೆಟ್ ಪ್ರಕಟಿಸುತ್ತೆ. ಹಾಗಂತ ಅಲ್ಲಿ ಎಲ್ಲಾ ಸರಿ ಇಲ್ಲ. ಭೌತಶಾಸ್ತ್ರದ ಟಾರ್ಗೆಟ್ ವರ್ಷಗಟ್ಟಲೆ ಮುಟ್ಟಿಲ್ಲ. ಆದರೆ ಎಷ್ಟು ಕಮ್ಮಿ ಬಿತ್ತು ಅಂತ ಎಲ್ಲರಿಗೂ ಗೊತ್ತಾಗುತ್ತೆ, ಸರ್ಕಾರವನ್ನ ಕೇಳೋಕಾಗುತ್ತೆ.

ನಮ್ಮಲ್ಲೂ ಡೇಟಾ ಇದೆ. ಕಾರವಾರ, ಅಂಕೋಲಾ ಬಿಇಒ ಕಚೇರಿಯಲ್ಲಿ ಯಾವ ಶಾಲೆಯಲ್ಲಿ ಯಾವ ವಿಷಯದ ಶಿಕ್ಷಕರು ಯಾವ ತಿಂಗಳು ನಿವೃತ್ತರಾಗ್ತಾರೆ ಅಂತ ತೆಗೆಯೋದು ಒಂದು ಎಕ್ಸೆಲ್ ಶೀಟಿನ ಕೆಲಸ. ಯಾರ ಹೆಸರೂ ಬೇಡ. ಶಾಲೆ, ವಿಷಯ, ತಿಂಗಳು ಸಾಕು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮುಂದಿನ ಮೂರು ವರ್ಷದ ಪಟ್ಟಿ ಕೇಳಬಹುದು. ನಿಮ್ಮ ಅಣ್ಣನೋ, ಅತ್ತಿಗೆಯೋ ಎಸ್‌ಡಿಎಂಸಿಯಲ್ಲಿದ್ರೆ ಈ ಪ್ರಶ್ನೆಯನ್ನ ಡಿಸೆಂಬರ್ ಮೀಟಿಂಗಿನಲ್ಲೇ ಬರೆಸಲಿ. ಜೂನ್‌ನಲ್ಲಿ ಕೇಳಿದ್ರೆ ಆಗ ಉತ್ತರ ಅತಿಥಿ ಶಿಕ್ಷಕರು ಅಂತ ಮಾತ್ರ ಬರುತ್ತೆ, ಅದೂ ಆದೇಶ ಬಂದ ಮೇಲೆ.

ಬಿ.ಎಡ್. ಮಾಡ್ತಿರೋರಿಗೂ ಇದೇ ಪಟ್ಟಿ ಬೇಕು. ಗಣಿತ, ವಿಜ್ಞಾನ ಎಲ್ಲಿ ಖಾಲಿಯಾಗುತ್ತೆ, ಸಮಾಜ ವಿಜ್ಞಾನ ಎಲ್ಲಿ ತುಂಬಿದೆ ಅಂತ ಗೊತ್ತಾದ್ರೆ ಐದು ವರ್ಷ ಕಣ್ಣು ಕಟ್ಟಿಕೊಂಡು ಓದೋದು ತಪ್ಪುತ್ತೆ. ಊರಲ್ಲೇ ಹುಟ್ಟಿ, ಕೊಂಕಣಿಯೂ ಕನ್ನಡವೂ ಬರೋ ಹುಡುಗ ಹುಡುಗಿಯರು ಗೋವಾದ ಫ್ಯಾಕ್ಟರಿ ಬಸ್ ಹತ್ತೋ ಮೊದಲು ಒಮ್ಮೆ ಈ ಲೆಕ್ಕ ನೋಡಲಿ ಅನ್ನೋದು ನನ್ನ ಆಸೆ. ಆದರೆ ಲೆಕ್ಕವನ್ನ ಅವರಿಗೆ ತೋರಿಸೋ ಜವಾಬ್ದಾರಿ ಇಲಾಖೆಯದ್ದು.

ಮುಂದಿನ ಮೇ 31ಕ್ಕೆ ನಿಮ್ಮೂರಿನ ಶಾಲೆಯಲ್ಲಿ ಬೀಳ್ಕೊಡುಗೆ ಇದ್ರೆ ಹೋಗಿ. ಕಾಲಿಗೆ ನಮಸ್ಕಾರ ಮಾಡಿ, ಫೋಟೋ ತೆಗೆಸ್ಕೊಳ್ಳಿ, ಸ್ಟೇಟಸ್ ಹಾಕಿ. ವೇದಿಕೆ ಮೇಲೆ ಬಿಇಒ ಕೂತಿದ್ರೆ, ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಹೋಗಿ ವಿನಯದಿಂದಲೇ ಕೇಳಿ: ಸರ್, ನಾಳೆ ಈ ಕ್ಲಾಸಿಗೆ ಯಾರು ಬರ್ತಾರೆ? ಸಿಕ್ಕ ಉತ್ತರವನ್ನ ನನಗೆ ವಾಯ್ಸ್ ನೋಟ್ ಮಾಡಿ ಕಳಿಸಿ. ಯಾರ ಹೆಸರೂ ಹೇಳದೆ, ಊರು ಮಾತ್ರ ಹೇಳಿ, ಮುಂದಿನ ಎಪಿಸೋಡಿನಲ್ಲಿ ಕೇಳಿಸ್ತೀನಿ.